ಮೂವರೂ ನೋಡಿದರು

1986ರ ಮಳೆಗಾಲ. ನಾನು ಎಂಟನೇ ಇಯತ್ತೆಯಲ್ಲಿದ್ದೆ. ಕನ್ನಡ ಅಕ್ಕೋರು ಕ್ರಿಯಾಪದದ ಪಾಠ ಶುರು ಮಾಡಿದ್ದರು. ಅವತ್ತು ಪುಸ್ತಕ ಮುಚ್ಚಿಟ್ಟು ಒಂದು ಕಥೆ ಹೇಳಿದರು. ಯೆರೂಸಲೇಮಿನಿಂದ ಯೆರಿಕೋ ಊರಿಗೆ ಹೊರಟಿದ್ದ ಒಬ್ಬನನ್ನು ಕಳ್ಳರು ಹೊಡೆದು, ಬಟ್ಟೆ ಕಿತ್ತುಕೊಂಡು, ಅರೆಜೀವ ಮಾಡಿ ದಾರಿಯಲ್ಲೇ ಬಿಟ್ಟು ಹೋದರು. ಅದೇ ದಾರಿಯಲ್ಲಿ ಒಬ್ಬ ಯಾಜಕ, ಅಂದರೆ ಯೆಹೂದ್ಯರ ಪೂಜಾರಿ, ಬಂದ. ಆಮೇಲೆ ಒಬ್ಬ ಲೇವಿಯ, ಅಂದರೆ ದೇವಾಲಯದ ಸೇವೆಯವನು, ಬಂದ. ಕೊನೆಗೆ ಒಬ್ಬ ಸಮಾರ್ಯದವನು ಬಂದ. ಇದು ಏಸು ಹೇಳಿದ ಕಥೆ, ಬೈಬಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿದೆ ಅಂತ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

"ಮೂರೂ ಮಂದಿ ಮಾಡಿದ ಕೆಲಸ ಯಾವುದು? ಹೇಳ್ರಿ ನೋಡೋಣ" ಅಂದರು. ಯಾರಿಗೂ ಹೊಳೆಯಲಿಲ್ಲ. ಅಕ್ಕೋರೇ ಹಲಗೆಯ ಮೇಲೆ ಬರೆದರು: ನೋಡಿದರು. ಯಾಜಕನೂ ನೋಡಿದ, ಲೇವಿಯನೂ ನೋಡಿದ, ಸಮಾರ್ಯದವನೂ ನೋಡಿದ. ಮೊದಲಿನ ಇಬ್ಬರಿಗೆ ಇನ್ನೊಂದೇ ಕ್ರಿಯಾಪದ ಸಿಕ್ಕಿತು, ಹೋದರು. ಸಮಾರ್ಯದವನ ಹೆಸರಿನ ಕೆಳಗೆ ಮಾತ್ರ ಹಲಗೆ ತುಂಬುತ್ತಾ ಬಂತು. ಕನಿಕರಪಟ್ಟ, ಹತ್ತಿರ ಬಂದ, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದ, ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ಕರೆದೊಯ್ದ, ಆರೈಕೆ ಮಾಡಿದ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದ.

"ಒಂದು ನಾಣ್ಯ ಅಂದ್ರ ಆಗಿನ ಒಂದು ದಿನದ ಕೂಲಿ. ನಿಮ್ಮಪ್ಪ ಎರಡು ದಿನ ಮಗ್ಗದಾಗ ಕುಂತು ದುಡಿದ ರೊಕ್ಕ ತಿಳೀರಿ" ಅಂದರು. ನಾವು ಗದಗಿನ ಪಕ್ಕದ ಬೆಟಗೇರಿಯ ನೇಕಾರರ ಮಕ್ಕಳು. ಎರಡು ದಿನದ ಕೂಲಿ ಎಷ್ಟು ದೊಡ್ಡದು ಅಂತ ನಮಗೆ ಬಿಡಿಸಿ ಹೇಳಬೇಕಿರಲಿಲ್ಲ. ಅದೂ ಕೊಟ್ಟದ್ದು ಯಾರ ಸಲುವಾಗಿ? ಒಬ್ಬ ಯೆಹೂದ್ಯನ ಸಲುವಾಗಿ. ಯೆಹೂದ್ಯರಿಗೂ ಸಮಾರ್ಯದವರಿಗೂ ಆಗ ಹೋಗು-ಬಳಕೆಯೇ ಇರಲಿಲ್ಲ.

ಪಾಠ ಮುಗಿಯಿತು. ನನಗೆ ವ್ಯಾಕರಣ ಅರ್ಥ ಆಯಿತು, ಅಷ್ಟೇ. ಉಳಿದದ್ದು ಅರ್ಥ ಆದದ್ದು ದಸರಾ ರಜೆ ಮುಗಿದ ಮೇಲೆ.

ನನ್ನ ಬೆಂಚಿನಲ್ಲೇ ಒಬ್ಬ ಹುಡುಗ ಕೂರುತ್ತಿದ್ದ. ಅವನಿಗೆ ಅಪ್ಪ ಇರಲಿಲ್ಲ. ತಾಯಿ ಮನೆ ಮನೆಗೆ ಮಗ್ಗದ ನೂಲಿನ ಕಂಡಿಕೆ ಸುತ್ತಿಕೊಟ್ಟು ಸಂಸಾರ ನಡೆಸುತ್ತಿದ್ದಳು. ಅವನಿಗೆ ಫಿಟ್ಸ್ ಇತ್ತು. ಅವನು ಬಿದ್ದು ಒದ್ದಾಡುವುದನ್ನು ನಾವು ಅಣಕಿಸುತ್ತಿದ್ದೆವು, ನಾನೂ ಅಣಕಿಸಿದ್ದೇನೆ. ಇದನ್ನು ಬರೆಯದೆ ಅಕ್ಕೋರ ಬಗ್ಗೆ ಬರೆಯೋಕೆ ನನಗೆ ಆಗುವುದಿಲ್ಲ.

ಅವತ್ತು ಅವನು ತರಗತಿಯಲ್ಲೇ ಬಿದ್ದ. ಬೆಂಚಿನ ಅಂಚಿಗೆ ಹಣೆ ಬಡಿಯಿತು. ನಾವೆಲ್ಲ ಗೋಡೆಗೆ ಅಂಟಿಕೊಂಡು ನಿಂತೆವು. ಯಾರೋ ಕೀಲಿಕೈ ಹುಡುಕೋಕೆ ಓಡಿದರು. ಇನ್ನೊಬ್ಬ ಚಪ್ಪಲಿ ಮೂಸಿಸಬೇಕು ಅಂದ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದೇ ನಂಬಿಕೆ, ಕೈಯಲ್ಲಿ ಕಬ್ಬಿಣ ಕೊಡು, ಉಳ್ಳಾಗಡ್ಡಿ ಮೂಸಿಸು ಅಂತ. ಅಕ್ಕೋರು ಬಾಗಿಲಲ್ಲೇ ಕೂಗಿದರು, "ಏನೂ ಕೊಡಬ್ಯಾಡ್ರಿ, ಬಾಯಾಗೂ ಏನೂ ಇಡಬ್ಯಾಡ್ರಿ." ಬಂದವರೇ ನೆಲಕ್ಕೆ ಕೂತರು. ತಮ್ಮ ಸೆರಗು ಮಡಚಿ ಅವನ ತಲೆಯ ಕೆಳಗೆ ಇಟ್ಟರು. ಅವನ ಕೈಕಾಲು ಅದುಮಿ ಹಿಡಿಯಲಿಲ್ಲ. ಬೆಂಚು ದೂರ ಸರಿಸೋಕೆ ಹೇಳಿದರು. ನಡುಕ ಕಡಿಮೆಯಾಗುತ್ತಿದ್ದ ಹಾಗೆ ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದರು. ಬಾಯಿಂದ ಜೊಲ್ಲು ಹೊರಗೆ ಹರಿಯಿತು, ಉಸಿರು ಸಲೀಸಾಯಿತು. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು. ನನಗೆ ಮಾತ್ರ ಇಡೀ ಪಿರಿಯಡ್ ಅನ್ನಿಸಿತು.

ಅವನ ಚಡ್ಡಿ ಒದ್ದೆಯಾಗಿತ್ತು. ಒಂದಿಬ್ಬರು ನಕ್ಕರು. ಅಕ್ಕೋರು ನಕ್ಕವರನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿ, "ನೋಡ್ಕೋತ ನಿಂತೀ ಏನಪಾ? ಬಾ, ನೀರು ಹಾಕು" ಅಂದರು.

ನೋಡ್ಕೋತ. ಆ ಒಂದು ಮಾತಿಗೆ ಹಲಗೆ ಮೇಲಿನ ಅಕ್ಷರ ಕಣ್ಣಿಗೆ ಬಂತು.

ಅವನಿಗೆ ಒಂದು ಲುಂಗಿ ಸುತ್ತಿ ಮಲಗಿಸಿದರು. ನಳದ ಹತ್ತಿರ ಕೂತು ಆ ಚಡ್ಡಿಯನ್ನು ತಾವೇ ಒಗೆದರು. ನಾನು ತಂಬಿಗೆಯಿಂದ ನೀರು ಹಾಕಿದೆ. ಅವರ ಬೆರಳಲ್ಲಿ ಸೀಮೆಸುಣ್ಣದ ಪುಡಿ ಇನ್ನೂ ಇತ್ತು, ಸಾಬೂನಿನ ಜೊತೆ ಬೆಳ್ಳಗೆ ಹರಿದು ಹೋಯಿತು. ಹಿಂಡಿ, ಝಾಡಿಸಿ, ಬೇವಿನ ಗಿಡದ ಟೊಂಗೆಗೆ ಹಾಕಿದರು. ಆಮೇಲೆ ಕೈ ಒರೆಸಿಕೊಂಡು ಹೋಗಿ ಒಂಬತ್ತನೇ ಇಯತ್ತೆಗೆ ಪಾಠ ಮಾಡಿದರು.

ಕನಿಕರ ಅಂದರೆ ಇಷ್ಟೇ ಆಗಿದ್ದರೂ ಸಾಕಿತ್ತು. ಆದರೆ ಸಮಾರ್ಯದವನು ಛತ್ರದವನಿಗೆ ಹೇಳಿದ ಮಾತನ್ನೂ ಅಕ್ಕೋರು ಮರೆತಿರಲಿಲ್ಲ. ಮರುದಿನವೇ ಅವನನ್ನು, ಅವನ ತಾಯಿಯನ್ನು ಕರೆದುಕೊಂಡು ಡಾಕ್ಟರ್ ಹತ್ತಿರ ಹೋದರು. ದಿನಾ ಗುಳಿಗೆ ನುಂಗಬೇಕು, ಒಂದು ದಿನವೂ ತಪ್ಪಿಸಬಾರದು, ಚೆನ್ನಾಗಿದ್ದೀನಿ ಅಂತ ತಾನಾಗಿ ಬಿಡಬಾರದು ಅಂದರು ಡಾಕ್ಟರು. ಗುಳಿಗೆ ನೆನಪಿಸುವ ಕೆಲಸ ನನಗೆ ಬಂತು. ಪ್ರತಿ ತಿಂಗಳು ಚೀಟಿ, ರೊಕ್ಕ ಅಕ್ಕೋರು ಕೊಡುತ್ತಿದ್ದರು, ನಾವಿಬ್ಬರೂ ಹೋಗಿ ತರುತ್ತಿದ್ದೆವು. ಎರಡೂವರೆ ವರ್ಷ, ನಾವು ಶಾಲೆ ಬಿಡುವ ತನಕ. ಅಷ್ಟರಲ್ಲಿ ಅವನು ನನ್ನ ಜೀವದ ಗೆಳೆಯ ಆಗಿಬಿಟ್ಟಿದ್ದ.

ಅಕ್ಕೋರು ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದರು. ನಮ್ಮನ್ನು ಮಾತ್ರ ಒಂದು ದಿನವೂ ಬಾ ಅನ್ನಲಿಲ್ಲ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1841ರಲ್ಲಿ ಬೆಟಗೇರಿಗೆ ಬಂದವರು. ಅವರು ಕಟ್ಟಿದ ಆಸ್ಪತ್ರೆಯನ್ನು ಗದಗಿನ ಜನ ಇವತ್ತಿಗೂ ಜರ್ಮನ್ ದವಾಖಾನೆ ಅಂತಲೇ ಕರೆಯುತ್ತಾರೆ. ಅಲ್ಲಿಗೆ ಹೋಗುವ ಸುತ್ತಲಿನ ಹಳ್ಳಿಯವರಿಗೆ ಮಿಷನ್ನಿನ ಚರಿತ್ರೆ ಗೊತ್ತಿರಲಿಕ್ಕಿಲ್ಲ, ಹೆರಿಗೆ ಆದದ್ದು, ಜ್ವರ ಇಳಿದದ್ದು ಗೊತ್ತು. ಅಕ್ಕೋರ ಭಕ್ತಿಯೂ ನಮಗೆ ಗೊತ್ತಾದದ್ದು ಹಾಗೇ, ಕೈಯಿಂದ. ಒಮ್ಮೆ ಮಾತ್ರ ಬೈಬಲಿನ ಯಾಕೋಬನ ಪತ್ರಿಕೆಯ ಒಂದು ಮಾತು ಹೇಳಿದ್ದು ನೆನಪಿದೆ. ಬಟ್ಟೆ ಇಲ್ಲದವನಿಗೆ, ಉಪವಾಸ ಇದ್ದವನಿಗೆ ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಅಂತ ಬರೀ ಬಾಯಲ್ಲಿ ಹೇಳಿ ಕಳಿಸಿದರೆ ಏನು ಬಂತು, ಅಂತ. ಅದನ್ನೂ ಹೇಳಿದ್ದು ತಮ್ಮ ಬುತ್ತಿಯ ರೊಟ್ಟಿ ಮುರಿದು ನನ್ನ ಗೆಳೆಯನ ಕೈಗೆ ಕೊಡುತ್ತಾ.

2019ರಲ್ಲಿ ಅವರನ್ನು ನೋಡೋಕೆ ಹೋಗಿದ್ದೆ. ಕಣ್ಣು ಮಂಜಾಗಿತ್ತು. ದನಿಯಿಂದ ನನ್ನ ಗುರುತು ಹಿಡಿದರು. ನನ್ನ ಕೆಲಸ, ಮನೆ, ಮಕ್ಕಳು ಏನನ್ನೂ ಕೇಳಲಿಲ್ಲ. ಕೈ ಹಿಡಿದು, "ಅವ ಗುಳಿಗಿ ಬಿಟ್ಟಿಲ್ಲ ಹೌದಲ್ಲೋ?" ಅಂದರು.

"ಬಿಟ್ಟು ಬಹಳ ವರ್ಷ ಆತ್ರೀ ಅಕ್ಕೋರ."

"ಡಾಕ್ಟರ್ ಬಿಡಿಸಿದ್ರೋ, ತಾನ ಬಿಟ್ನೋ?"

ಡಾಕ್ಟರೇ ನಿಧಾನಕ್ಕೆ ಕಡಿಮೆ ಮಾಡಿ ಬಿಡಿಸಿದ್ದು ಅಂದೆ. ನಂಬಿಕೆ ಬಂದ ಹಾಗೆ ಕಾಣಲಿಲ್ಲ. ನಾನು ಹುಬ್ಬಳ್ಳಿಗೆ ಫೋನ್ ಹಚ್ಚಿ ಅವರ ಕಿವಿಗೆ ಹಿಡಿದೆ. ಆ ಕಡೆಯಿಂದ ಅವನು "ಅಕ್ಕೋರ…" ಅಂದ, ಮುಂದೆ ಮಾತಾಡೋಕೆ ಆಗಲಿಲ್ಲ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ, "ಉಂಡೀ ಏನೋ?" ಅಂತ ಕೇಳಿದರು.