ತಲೆಕೆಳಗಾದ ಗೋಪುರ ಕಲಿಸಿದ ನೋಟ

ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗರ್ಭಗುಡಿಯ ಹಿಂಬದಿಗೆ ಹೋಗಿ ಕೆಲವು ಮೆಟ್ಟಿಲು ಹತ್ತಿದರೆ ಒಂದು ಕತ್ತಲ ಕೋಣೆ ಸಿಗುತ್ತದೆ. ಅದರ ಗೋಡೆಯಲ್ಲೊಂದು ಸಣ್ಣ ಕಿಂಡಿಯಿದೆ. ಆ ಕಿಂಡಿಯಿಂದ ಒಳಬಂದ ಬೆಳಕು ಎದುರು ಗೋಡೆಯ ಮೇಲೆ ಬಿದ್ದು, ಪೂರ್ವಕ್ಕೆ ಸುಮಾರು 50 ಮೀಟರ್ ಎತ್ತರ ನಿಂತಿರುವ ರಾಜಗೋಪುರವನ್ನು ತಲೆಕೆಳಗಾಗಿ ತೋರಿಸುತ್ತದೆ. ಊರವರೂ ಗೈಡುಗಳೂ ಇದನ್ನು ಗೋಪುರದ ನೆರಳು ಎನ್ನುತ್ತಾರೆ. ನಿಜವಾಗಿ ಅದು ನೆರಳಲ್ಲ, ಬಿಂಬ. ಬೆಳಕು ನೇರ ಗೆರೆಯಲ್ಲಿ ಸಾಗುವುದರಿಂದ ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯನ್ನು ದಾಟಿ ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಬೀಳುತ್ತದೆ. ಕ್ಯಾಮೆರಾದ ಮೂಲ ತತ್ವವೂ ಇದೇ.

ಶಾಲೆಯ ಪ್ರವಾಸದಲ್ಲಿ ಆ ಕೋಣೆಯನ್ನು ನೋಡಿ ಬೆರಗಾಗಿದ್ದೆ. ಅದು ಫೋಟೋಗ್ರಫಿಯ ಪಾಠವಾಗಿ ಒದಗಿದ್ದು ಮಾತ್ರ ನಾಲ್ಕು ವರ್ಷಗಳ ಹಿಂದೆ, ಒಂದು ಡಿಸೆಂಬರ್ ಬೆಳಗ್ಗೆ. ನನ್ನ ಮುಂದಿದ್ದ ಹುಡುಗನೊಬ್ಬ ಗೋಡೆಯ ಹತ್ತಿರ ಕೈ ಚಾಚಿದ. ಕಳಸದ ತುದಿ ಅವನ ಅಂಗೈಯ ಮೇಲೆ ಬಂದು ಕೂತಿತು. ಅವನು ಕೈಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಂತೆ ಗೋಪುರ ಅಂತಸ್ತು ಅಂತಸ್ತಾಗಿ ಬೆರಳುಗಳ ಮೇಲೆ ಹಾದುಹೋಯಿತು. ಅದನ್ನೇ ನೋಡುತ್ತಿದ್ದ ನನಗೆ ಒಂದು ಸಂಗತಿ ಹೊಳೆಯಿತು. ಗೋಡೆಯ ಮೇಲಿದ್ದದ್ದು ನನ್ನ ಕಣ್ಣಿಗೆ ಗೋಪುರವಾಗಿ ಕಾಣುತ್ತಿರಲಿಲ್ಲ. ಕೆಳಕ್ಕೆ ಕಿರಿದಾಗುತ್ತ ಹೋಗುವ ಒಂದು ಕಪ್ಪು ಆಕಾರ ಮತ್ತು ಅದರ ಎರಡು ಬದಿಗೆ ಆಕಾಶದ ಎರಡು ಬಿಳಿ ತುಂಡುಗಳು ಕಾಣುತ್ತಿದ್ದವು. ಅದೇ ಗೋಪುರದ ಇಪ್ಪತ್ತಕ್ಕೂ ಹೆಚ್ಚು ಫೋಟೋ ತೆಗೆದಿದ್ದರೂ, ಅದರ ಪಕ್ಕದ ಆಕಾಶಕ್ಕೂ ಒಂದು ಆಕಾರವಿದೆ ಎಂಬುದನ್ನು ನಾನು ಆವರೆಗೆ ಗಮನಿಸಿಯೇ ಇರಲಿಲ್ಲ.

ಆ ಹೊತ್ತಿಗೆ ನನಗೆ ಧಾರವಾಡದಲ್ಲಿ ಸ್ಟುಡಿಯೋ ನಡೆಸಿ ನಿವೃತ್ತರಾದ ಹಿರಿಯರೊಬ್ಬರ ಮಾತು ನೆನಪಾಯಿತು. ಮೂರು ಕಾಲಿನ ದೊಡ್ಡ ಪ್ಲೇಟ್ ಕ್ಯಾಮೆರಾದ ಹಿಂದೆ ಕರಿಬಟ್ಟೆಯೊಳಗೆ ತಲೆ ತೂರಿಸಿ, ಮಸುಕು ಗಾಜಿನ ಮೇಲೆ ತಲೆಕೆಳಗಾಗಿ ಮೂಡುತ್ತಿದ್ದ ಬಿಂಬವನ್ನು ನೋಡಿಕೊಂಡೇ ನೂರಾರು ಕುಟುಂಬಗಳನ್ನು ಕೂರಿಸಿ ಫೋಟೋ ತೆಗೆದವರು ಅವರು. ಹಿಂದಿನ ಸಲ ನಾನು ಕಲ್ಲಿನ ರಥದ ಫೋಟೋ ತೋರಿಸಿದಾಗ ಅದನ್ನು ಬಹಳ ಹೊತ್ತು ನೋಡಿ, "ತಮ್ಮಾ, ಈ ರಥ ಎಲ್ಲಾರೂ ನೋಡ್ಯಾರ. ನೀ ಏನ್ ನೋಡಿದಿ ಅನ್ನೂದು ಇದರಾಗ ಎಲ್ಲೈತಿ? ಒಮ್ಮೆ ತಲಿ ಕೆಳಗ ಮಾಡಿ ನೋಡು" ಎಂದಿದ್ದರು. ಅಂದು ಅದರ ಅರ್ಥ ನನಗೆ ಆಗಿರಲಿಲ್ಲ.

ಆ ರಾತ್ರಿ ಹೊಸಪೇಟೆಯ ಕೋಣೆಯಲ್ಲಿ ಕೂತು ರಥದ ಆ ಫೋಟೋವನ್ನು ಮೊಬೈಲಿನಲ್ಲಿ ತಿರುಗಿಸಿ ನೋಡಿದೆ. ನೇರವಾಗಿದ್ದಾಗ ಅದರಲ್ಲಿ ರಥವಿತ್ತು, ಅದರ ಮುಂದೆ ಎರಡು ಆನೆಗಳಿದ್ದವು, ಚಕ್ರಗಳಿದ್ದವು, ಎಲ್ಲವೂ ಸರಿಯಾಗಿತ್ತು. ತಲೆಕೆಳಗು ಮಾಡಿದ ಕೂಡಲೇ ಆ ಹೆಸರುಗಳೆಲ್ಲ ಕಳಚಿ ಬಿದ್ದು ಆಕಾರಗಳಷ್ಟೇ ಉಳಿದವು. ಚಿತ್ರದ ಒಂದು ಮೂಲೆಯಲ್ಲಿ ಬೆಳ್ಳಗೆ ಉರಿಯುವ ಆಕಾಶದ ಒಂದು ತ್ರಿಕೋನವಿತ್ತು, ಕಣ್ಣು ಮೊದಲು ಅಲ್ಲಿಗೇ ಓಡುತ್ತಿತ್ತು. ಹಿನ್ನೆಲೆಯ ಮಂಟಪದ ಕಂಬವೊಂದು ಆನೆಯ ನೆತ್ತಿಗೆ ನೇರವಾಗಿ ಅಂಟಿಕೊಂಡಿತ್ತು, ಎರಡೂ ಒಂದೇ ಕಲ್ಲಿನ ಬಣ್ಣದವಾದ್ದರಿಂದ ಆನೆ ಎಲ್ಲಿ ಮುಗಿಯುತ್ತದೆ, ಕಂಬ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಬಲ ಅಂಚಿನಲ್ಲಿ ಯಾರದೋ ಅರ್ಧ ಭುಜ, ಒಂದು ಕೆಂಪು ಚೀಲ. ಫೋಟೋ ತೆಗೆಯುವಾಗ ಇವು ಯಾವುವೂ ನನಗೆ ಕಂಡಿರಲಿಲ್ಲ. ರಥ ಎಂದು ಗುರುತು ಹಿಡಿದ ಮರುಕ್ಷಣವೇ ನನ್ನ ಮನಸ್ಸು ನೋಡುವುದನ್ನು ನಿಲ್ಲಿಸಿಬಿಟ್ಟಿತ್ತು.

ಸಂಯೋಜನೆಯ ಬಗ್ಗೆ, ಅಂದರೆ ಚೌಕಟ್ಟಿನೊಳಗೆ ಯಾವುದನ್ನು ಎಲ್ಲಿ ಹೇಗೆ ಕೂರಿಸಬೇಕೆಂಬುದರ ಬಗ್ಗೆ, ನಾನು ಕಲಿತದ್ದೆಲ್ಲವೂ ಇಲ್ಲಿಂದಲೇ ಹೊರಡುತ್ತದೆ. ವಸ್ತುವಿನ ಹೆಸರು ಗೊತ್ತಾದೊಡನೆ ಕಣ್ಣು ವಿಶ್ರಾಂತಿಗೆ ಹೋಗುತ್ತದೆ. ಹೆಸರನ್ನು ಸ್ವಲ್ಪ ಹೊತ್ತು ಆಚೆಗಿಟ್ಟು, ಇಲ್ಲಿ ಬೆಳಗಿರುವುದು ಯಾವುದು, ಕತ್ತಲಾಗಿರುವುದು ಯಾವುದು, ಯಾವುದು ಯಾವುದಕ್ಕೆ ತಾಗುತ್ತಿದೆ, ಅಂಚಿನಲ್ಲಿ ಏನು ಕತ್ತರಿಸಿಹೋಗುತ್ತಿದೆ ಎಂದು ಕೇಳಿಕೊಳ್ಳುವುದೇ ನೋಡುವ ಅಭ್ಯಾಸ. ಮೊಬೈಲಿನ ಪರದೆಯ ಮೇಲೆ ಒಂಬತ್ತು ಮನೆಗಳ ಜಾಲರಿ ಹಾಕಿಕೊಂಡು ಮುಖ್ಯ ವಸ್ತುವನ್ನು ಮೂರನೇ ಒಂದರ ಗೆರೆಯ ಮೇಲೆ ಇಡಬೇಕೆಂಬ ನಿಯಮವನ್ನು ಎಲ್ಲರೂ ಮೊದಲು ಕಲಿಸುತ್ತಾರೆ. ಅದರಿಂದ ಕೆಡುಕೇನಿಲ್ಲ, ಆದರೆ ಆನೆಯ ನೆತ್ತಿಗೆ ಅಂಟಿದ ಕಂಬವನ್ನು ಆ ಜಾಲರಿ ಬಿಡಿಸಿಕೊಡುವುದಿಲ್ಲ.

ಅದನ್ನು ಬಿಡಿಸುವುದು ಕಾಲು. ಮರುದಿನ ತುಂಗಭದ್ರೆಯ ದಂಡೆಯಲ್ಲಿ ಇದು ನನಗೆ ಚೆನ್ನಾಗಿ ಮನದಟ್ಟಾಯಿತು. ಇಬ್ಬರು ಹೆಂಗಸರು ಒಗೆದ ಸೀರೆಗಳನ್ನು ಬಂಡೆಗಳ ಮೇಲೆ ಹರವುತ್ತಿದ್ದರು. "ಅಕ್ಕಾ, ಒಂದು ಫೋಟೋ ತಗೋಬಹುದಾ?" ಎಂದು ಕೇಳಿದೆ. "ತಗೊಳ್ಳಪ್ಪ, ಸೀರೆ ಒಣಗೋ ತನಕ ಇಲ್ಲೇ ಇರ್ತೀವಿ" ಎಂದರು. ನಿಂತಲ್ಲಿಂದಲೇ ತೆಗೆದ ಮೊದಲ ಫೋಟೋದಲ್ಲಿ ಸೀರೆ ಬಂಡೆಯೊಳಗೆ ಕರಗಿಹೋಗಿತ್ತು, ಆಚೆ ದಡದ ಗೆರೆ ಇಬ್ಬರ ಕುತ್ತಿಗೆಯನ್ನೂ ಅಡ್ಡಕ್ಕೆ ಕೊಯ್ದಿತ್ತು. ನಾನು ಮೊಣಕಾಲೂರಿ ಕೂತೆ. ದಡದ ಗೆರೆ ಅವರ ಸೊಂಟದ ಮಟ್ಟಕ್ಕೆ ಇಳಿಯಿತು, ತಲೆಗಳು ಬರಿಯ ಆಕಾಶದಲ್ಲಿ ಬಿಡಿಬಿಡಿಯಾಗಿ ನಿಂತವು. ಎರಡು ಹೆಜ್ಜೆ ಎಡಕ್ಕೆ ಸರಿದಾಗ ಅವರ ನಡುವೆ ಬೆಳಕಿನ ಒಂದು ಕಿರಿದಾದ ಸಂದು ತೆರೆಯಿತು. ಅವರು ಹಸಿರು ಸೀರೆಯೊಂದರ ಎರಡು ತುದಿ ಹಿಡಿದು ಕೊಡವಿದಾಗ ಅದು ಗಾಳಿ ತುಂಬಿಕೊಂಡು ಮೇಲಕ್ಕೆದ್ದಿತು, ಬಿಸಿಲು ಅದರ ಹಿಂದಿನಿಂದ ತೂರಿಬಂದು ಸೀರೆಯ ಅಂಚಿನ ಜರಿ ಒಂದೇ ಗೆರೆಯಾಗಿ ಹೊಳೆಯಿತು. ಅದಕ್ಕಾಗಿ ನಾನು ಮಾಡಿದ್ದು ಕೂತದ್ದು, ಸರಿದದ್ದು ಮತ್ತು ಕಾದದ್ದು, ಅಷ್ಟೇ.

ಜೂಮ್ ಮಾಡುವುದೂ ಹತ್ತಿರ ಹೋಗುವುದೂ ಒಂದೇ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಅವೆರಡೂ ಬೇರೆ ಬೇರೆ. ನಿಂತ ಜಾಗದಿಂದಲೇ ಜೂಮ್ ಮಾಡಿದರೆ ಅದೇ ದೃಶ್ಯದ ಒಂದು ತುಂಡು ದೊಡ್ಡದಾಗುತ್ತದೆ, ಮುಂದಿನ ಬಂಡೆಗೂ ಹಿಂದಿನ ಬೆಟ್ಟಕ್ಕೂ ಇರುವ ಗಾತ್ರದ ಸಂಬಂಧ ಒಂದಿಷ್ಟೂ ಬದಲಾಗುವುದಿಲ್ಲ. ನಡೆದು ಹತ್ತಿರ ಹೋದರೆ ಮುಂದಿನದು ಬೇಗ ದೊಡ್ಡದಾಗುತ್ತದೆ, ಹಿಂದಿನದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಹಿಂದೆ ಸರಿದು ದೂರದಿಂದ ಜೂಮ್ ಮಾಡಿದರೆ ಮಾತಂಗ ಬೆಟ್ಟ ಮಂಟಪದ ಬೆನ್ನಿಗೇ ಬಂದು ನಿಂತಂತೆ ಕಾಣುತ್ತದೆ. ಯಾವುದು ಯಾವುದರ ಮುಂದೆ ಎಷ್ಟು ದೊಡ್ಡದಾಗಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದು ನಾವು ನಿಂತ ಜಾಗ ಮಾತ್ರ. ಇದು ತಿಳಿದ ಮೇಲೆ ಆ ಪ್ರವಾಸದ ಉಳಿದ ದಿನಗಳನ್ನು ಜೂಮ್ ಇಲ್ಲದ 50 ಮಿಲಿಮೀಟರ್ ಲೆನ್ಸ್ ಒಂದರಲ್ಲೇ ಕಳೆದೆ. ಕೈಯಲ್ಲಿ ಬೇರೆ ದಾರಿಯಿಲ್ಲದಿದ್ದಾಗ ಕಾಲು ತಾನಾಗಿ ಯೋಚಿಸತೊಡಗುತ್ತದೆ.

ನಡುಹಗಲಿನಲ್ಲಿ ಹಂಪಿಯ ಬಂಡೆಗಳ ಮೇಲೆ ಬಿಸಿಲು ರಾಚುತ್ತದೆ. ಮಂಟಪದ ಒಳಗಿನ ಕತ್ತಲನ್ನೂ ಹೊರಗಿನ ಬೆಳಕನ್ನೂ ಕಣ್ಣು ಹೇಗೋ ಹೊಂದಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಅದು ಸಾಧ್ಯವಾಗುವುದಿಲ್ಲ. ಅದಕ್ಕೆ ಸುಲಭದ ಉಪಾಯವೊಂದಿದೆ: ಕಣ್ಣನ್ನು ಅರ್ಧ ಮುಚ್ಚಿ, ರೆಪ್ಪೆಯ ಸಂದಿನಿಂದ ನೋಡುವುದು. ಸಣ್ಣಪುಟ್ಟ ವಿವರಗಳೆಲ್ಲ ಅಳಿಸಿಹೋಗಿ ಬೆಳಕು ಕತ್ತಲಿನ ಮೂರು ನಾಲ್ಕು ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ. ಆ ತುಂಡುಗಳು ತಮ್ಮಷ್ಟಕ್ಕೆ ಚೆನ್ನಾಗಿ ಕಂಡರೆ ಫೋಟೋ ನಿಲ್ಲುತ್ತದೆ. ಕಾಣದಿದ್ದರೆ ಎಷ್ಟು ಕೆತ್ತನೆಯಿದ್ದರೂ ನಿಲ್ಲುವುದಿಲ್ಲ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯಲ್ಲಿ ತೆಗೆದ ಚಿತ್ರಗಳನ್ನು ನಾನು ಆಮೇಲೆ ಹುಡುಕಿಕೊಂಡು ನೋಡಿದೆ. ಅವನು ಬಳಸಿದ್ದು ಒಂದೂವರೆ ಅಡಿಯಷ್ಟು ದೊಡ್ಡದಾದ, ಮೇಣ ಹಚ್ಚಿದ ಕಾಗದದ ನೆಗೆಟಿವ್. ಒಂದೊಂದು ಹಾಳೆಯನ್ನೂ ಸಿದ್ಧಮಾಡಿಕೊಂಡು, ಕ್ಯಾಮೆರಾ ಹೊತ್ತು ಬಂಡೆ ಹತ್ತಿ, ಬಹಳ ಹೊತ್ತು ಬೆಳಕಿಗೆ ಒಡ್ಡಿ ತೆಗೆಯಬೇಕಾಗಿದ್ದ ಕಾಲ ಅದು. ಅವನಿಗೂ ಗೋಪುರ ಮಂಟಪಗಳೆಲ್ಲ ಮಸುಕು ಗಾಜಿನ ಮೇಲೆ ತಲೆಕೆಳಗಾಗಿಯೇ ಕಂಡಿರಬೇಕು. ಅವನ ಚಿತ್ರಗಳಲ್ಲಿ ಅಂಚಿನಲ್ಲಿ ಸುಮ್ಮನೆ ನುಸುಳಿದ ವಸ್ತು ಸಿಗುವುದು ಅಪರೂಪ. ಅವನ ಕಲ್ಲಿನ ರಥದ ಚಿತ್ರವಂತೂ ನನ್ನನ್ನು ಬೆಚ್ಚಿಬೀಳಿಸಿತು, ಏಕೆಂದರೆ ಅದರಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಅದನ್ನು ಆಮೇಲೆ ತೆಗೆದುಹಾಕಿದ್ದಾರೆ. ಇಂದು 50 ರೂಪಾಯಿಯ ನೋಟಿನ ಮೇಲೆ ನಾವು ನೋಡುವ ಬೋಳು ರಥವನ್ನೇ ನಾನು ಹುಟ್ಟಿದಾಗಿನಿಂದ ರಥ ಎಂದು ತಿಳಿದಿದ್ದೆ. 1983ರಲ್ಲಿ ಆಸ್ಟ್ರೇಲಿಯಾದ ವಾಸ್ತುಶಿಲ್ಪ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅಲ್ಲಿಂದಲೇ ಮತ್ತೆ ಫೋಟೋ ತೆಗೆದರು. ಹಳೆಯ ಚಿತ್ರದಲ್ಲಿ ಯಾವ ಬಂಡೆಯ ಅಂಚು ಯಾವ ಕಂಬದ ಹಿಂದೆ ಎಷ್ಟು ಇಣುಕುತ್ತದೆ ಎಂದು ನೋಡಿಕೊಂಡು ಇಂಚಿಂಚಾಗಿ ಸರಿಯುತ್ತ ಹೋದರೆ ಮಾತ್ರ ಆ ಜಾಗ ಸಿಗುತ್ತದೆ. ಈ ಕೆಲಸವನ್ನು ಯಾರು ಬೇಕಾದರೂ ತಮ್ಮ ಊರಿನ ಹಳೆಯ ಫೋಟೋ ಒಂದನ್ನು ಹಿಡಿದುಕೊಂಡು ಮಾಡಿ ನೋಡಬಹುದು. ಸಂಯೋಜನೆ ಕಲಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ.

ಕಳೆದ ಜನವರಿಯಲ್ಲಿ ಮತ್ತೆ ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋದೆ. ಸಂಜೆಯ ಬಿಸಿಲು ಅಡ್ಡವಾಗಿ ಬೀಳುತ್ತಿತ್ತು. ರಥದ ಸುತ್ತ ಎರಡು ಸಲ ಕ್ಯಾಮೆರಾ ತೆಗೆಯದೆ ನಡೆದು, ಆನೆಯ ನೆತ್ತಿ ಕಂಬದಿಂದ ಬಿಡಿಸಿಕೊಂಡು ನೆರಳಿನ ಮುಂದೆ ಬೆಳಗಿ ನಿಲ್ಲುವ ಜಾಗವನ್ನು ಹುಡುಕಿದೆ. ಅಲ್ಲಿ ಕೂತು, ಪ್ರವಾಸಿಗರ ಒಂದು ಗುಂಪು ಚಕ್ರದ ಮುಂದಿನಿಂದ ಸರಿಯುವವರೆಗೆ ಕಾದು, ಮೂರೇ ಮೂರು ಫೋಟೋ ತೆಗೆದೆ. ಅವುಗಳಲ್ಲಿ ಒಂದನ್ನು ಪ್ರಿಂಟ್ ಹಾಕಿಸಿ ಧಾರವಾಡದ ಹಿರಿಯರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ, ಮೊದಲು ಅದನ್ನು ತಲೆಕೆಳಗು ಹಿಡಿದು ನೋಡಿದರು. ಆಮೇಲೆ ನೇರ ಮಾಡಿ ಮೇಜಿನ ಮೇಲಿಟ್ಟು, ಎಡ ಅಂಚಿನಲ್ಲಿ ಬೆಳ್ಳಗೆ ಉಳಿದಿದ್ದ ಗೋಡೆಯ ಚೂರೊಂದರ ಮೇಲೆ ಹೆಬ್ಬೆರಳು ಮುಚ್ಚಿ ಹಿಡಿದು, "ಈಗ ನೋಡು" ಎಂದರು. ಆ ಚೂರು ಮರೆಯಾದೊಡನೆ ಕಣ್ಣು ಸೀದಾ ಆನೆಯ ಮುಖಕ್ಕೆ ಬಂತು. ಮುಂದಿನ ಸಲ ನಾನು ಅರ್ಧ ಹೆಜ್ಜೆ ಬಲಕ್ಕೆ ಕೂರಬೇಕು.