ಫೈಲುಗಳ ಸಾಲು ತಪ್ಪಿ ಲಾರಿ ತೂಕ ಮೈನಸ್ ಬಂತು

ಮೆಕ್ಕೆಜೋಳದ ಸೀಸನ್ನಿನಲ್ಲಿ ದಾವಣಗೆರೆಯ ವೇಬ್ರಿಡ್ಜ್ ಮುಂದೆ ಒಂದು ಲಾರಿ ನಿಂತರೆ ರೈತ, ದಲಾಲಿ, ಹಮಾಲಿ ಎಲ್ಲರೂ ಕಾಯಬೇಕು. ಆವತ್ತು ಲಾರಿ ನಿಂತದ್ದು ನಮ್ಮ ಪ್ರೋಗ್ರಾಮಿನಿಂದ. ನಿವ್ವಳ ತೂಕ ಮೈನಸ್ ಬಂದಿತ್ತು.

ಲೋಡ್ ತೂಕಕ್ಕೊಂದು ಫೈಲು, ಖಾಲಿ ತೂಕಕ್ಕೊಂದು ಫೈಲು. ಫೋಲ್ಡರಿನ ಫೈಲುಗಳ ಹೆಸರನ್ನು ಒಂದೊಂದಾಗಿ ಕೊಡುವ ಫಂಕ್ಷನ್ ರೀಡ್‌ಡಿರ್. ನಮ್ಮ ಹಳೆಯ ಸಿ ಕೋಡು ಅದು ಕೊಟ್ಟ ಸಾಲಿನಲ್ಲೇ ಅವನ್ನು ಜೋಡಿ ಮಾಡುತ್ತಿತ್ತು. ಮೊದಲು ಸಿಕ್ಕಿದ್ದು ಲೋಡ್, ಆಮೇಲಿನದು ಖಾಲಿ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ನಮಗೆಲ್ಲ ಮೊದಲು ಅನುಮಾನ ಬಂದಿದ್ದು ತೂಕ ಅಳೆಯುವ ಸೆನ್ಸರ್, ಅಂದರೆ ಲೋಡ್ ಸೆಲ್ ಮೇಲೆ. ತೂಕ ತೋರಿಸುವ ಇಂಡಿಕೇಟರ್ ಆಫ್ ಮಾಡಿಸಿದೆವು, ಆನ್ ಮಾಡಿಸಿದೆವು. ಖಾಲಿ ಲಾರಿಯನ್ನು ಮತ್ತೆ ಹತ್ತಿಸಿದೆವು. ತೂಕ ಸರಿಯಾಗಿಯೇ ಇತ್ತು! ಫೋನಿನಲ್ಲಿ ಹಿಂದಿನಿಂದ ಹಾರನ್ ಸದ್ದು. "ಸರ್, ಕೈಯಲ್ಲೇ ಚೀಟಿ ಬರ್ಕೊಡ್ಲಾ?" ಎಂದು ಆಪರೇಟರ್ ಹುಡುಗ ಕೇಳಿದ. "ಬರ್ಕೊಡಪ್ಪ, ನಿಲ್ಲಿಸ್ಬೇಡ" ಎಂದೆ.

ಫೋಲ್ಡರ್ ನೋಡಿದರೂ ಸುಳಿವು ಸಿಗಲಿಲ್ಲ. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡನ್ನು ಬರೀ ಹಾಗೇ ಕೊಟ್ಟರೆ ಅದು ಹೆಸರಿನ ಪ್ರಕಾರ ಜೋಡಿಸಿಯೇ ತೋರಿಸುತ್ತದೆ. ಜೋಡಿಸದೆ ತೋರಿಸು ಎನ್ನುವ ಮೈನಸ್ ಯು (ದೊಡ್ಡಕ್ಷರದ್ದು) ಸೇರಿಸಿ ಕೊಟ್ಟಾಗ ನಿಜವಾದ ಸಾಲು ಕಂಡಿತು. ಎಲ್ಲಾ ಕಲಸಿಹೋಗಿತ್ತು.

ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ಪದ್ಧತಿಗಳು ಬೇರೆ ಬೇರೆ. ಮೊದಲು ಫೈಲುಗಳು ಇದ್ದದ್ದು ಫ್ಯಾಟ್ 32 ಪದ್ಧತಿಯ ಮೆಮೊರಿ ಕಾರ್ಡಿನಲ್ಲಿ. ಅಲ್ಲಿ ಏನೂ ಅಳಿಸದಿದ್ದರೆ, ಬರೆದ ಸಾಲಿನಲ್ಲೇ ಹೆಸರುಗಳು ಸಿಗುತ್ತವೆ. ಹೊಸ ಡಿಸ್ಕ್ ಇಎಕ್ಸ್‌ಟಿ 4 ಪದ್ಧತಿಯದು. ಅದು ಹೆಸರಿನ ಹ್ಯಾಶ್, ಅಂದರೆ ಹೆಸರಿನಿಂದ ಲೆಕ್ಕ ಹಾಕಿದ ಒಂದು ಸಂಖ್ಯೆಯ ಪ್ರಕಾರ ಕೊಡುತ್ತದೆ. ರೀಡ್‌ಡಿರ್ ಯಾವ ಸಾಲಿನ ಭರವಸೆಯನ್ನೂ ಕೊಡುವುದಿಲ್ಲ. ಡಿಸ್ಕ್ ಬದಲಾಯಿಸಿದವರು ನಮಗೊಂದು ಮಾತು ಹೇಳಬೇಕಿತ್ತು, ಅಲ್ವಾ? ಅದು ನನಗೆ ಇನ್ನೂ ಬೇಸರ.

ಹಾಗಾಗಿ ಫೋಲ್ಡರನ್ನು ಓದಿ ಜೋಡಿಸಿಯೇ ಕೊಡುವ ಸ್ಕ್ಯಾನ್‌ಡಿರ್ ಫಂಕ್ಷನ್ನಿಗೆ ಬಂದೆವು. ಅದಕ್ಕೆ ಅಕ್ಷರಗಳ ಪ್ರಕಾರ ಜೋಡಿಸುವ ಆಲ್ಫಾಸಾರ್ಟ್ ಕೊಟ್ಟರೆ ಸಾಲದು. ಫೈಲಿನ ಹೆಸರಿನಲ್ಲಿರುವ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. ಅದರ ಬದಲು ಕೊಡಬಹುದಾದ ವರ್ಷನ್‌ಸಾರ್ಟ್ ಅಂಕಿಗಳನ್ನು ಸಂಖ್ಯೆಯಾಗಿ ನೋಡುತ್ತದೆ. ಆದರೆ ಅದು ಲಿನಕ್ಸ್‌ನಲ್ಲಿ ಬಳಸುವ ಗ್ನೂ ಲೈಬ್ರರಿ ಸೇರಿಸಿದ್ದು, ಯುನಿಕ್ಸ್ ತರಹದ ಸಿಸ್ಟಮ್ಮುಗಳ ಮಾನದಂಡವಾದ ಪಾಸಿಕ್ಸ್‌ನಲ್ಲಿ ಇಲ್ಲ. ನಮ್ಮ ಮೆಷಿನ್ನುಗಳೆಲ್ಲ ಲಿನಕ್ಸ್, ಹಾಗಾಗಿ ಅದನ್ನೇ ಹಾಕಿದೆವು. ಸ್ಕ್ಯಾನ್‌ಡಿರ್ ಕೊಟ್ಟ ಪ್ರತಿ ಎಂಟ್ರಿಯನ್ನೂ, ಕೊನೆಗೆ ಪಟ್ಟಿಯನ್ನೂ ಫ್ರೀ ಮಾಡಬೇಕು, ಅಂದರೆ ಅವು ಹಿಡಿದ ಮೆಮೊರಿಯನ್ನು ಬಿಟ್ಟುಕೊಡಬೇಕು. ದಿನವಿಡೀ ಓಡುವ ಪ್ರೋಗ್ರಾಮಿನಲ್ಲಿ ಇದನ್ನು ಬಿಟ್ಟರೆ ಮೆಮೊರಿ ಸೋರುತ್ತದೆ. ಜೋಡಿ ಮಾಡುವುದನ್ನೂ ಈಗ ಸಾಲಿಗೆ ಬಿಟ್ಟಿಲ್ಲ. ಫೈಲಿನೊಳಗಿನ ಲಾರಿ ನಂಬರ್, ಸಮಯ ನೋಡಿಯೇ ಮಾಡುತ್ತೇವೆ.

ಹೊಸ ಚೀಟಿಗಳ ಫೈಲುಗಳಿಗೆ 00012 ಎಂಬಂತೆ ಸೊನ್ನೆ ಸೇರಿಸಿ ಹೆಸರಿಡಿ ಎಂದು ಮ್ಯಾನೇಜರ್ ಹೇಳಿದ್ದಾರೆ. ಒಳ್ಳೆಯದೇ. ಆದರೆ ಹಳೆಯ ಫೋಲ್ಡರಿನಲ್ಲಿ ಬೆರೆಸುವ ಹಾಗಿಲ್ಲ. ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ವರ್ಷನ್‌ಸಾರ್ಟ್ ಮುಂದಕ್ಕೆ ತಂದು ಇಡುತ್ತದೆ. ಬೇರೆ ಫೋಲ್ಡರ್ ಕೊಡಿ ಎಂದು ಕೇಳಿದ್ದೇನೆ.