ಲಕ್ಕಿ ಗಿಡ ಮತ್ತು ನನ್ನ ಎರಡು ಅಂಕ

1993ರ ಏಪ್ರಿಲ್‌ನಲ್ಲಿ ನನ್ನ ಎರಡು ಅಂಕ ಹೋಯಿತು. ಬಿಎಸ್ಸಿ ಎರಡನೇ ವರ್ಷದ ಬಾಟನಿ ಪ್ರಾಕ್ಟಿಕಲ್. ನನ್ನ ಮುಂದೆ ಸ್ಟೀಲ್ ಲೋಟದಲ್ಲಿ ಲಕ್ಕಿ ಗಿಡದ ಒಂದು ಟೊಂಗೆ ಇಟ್ಟಿದ್ದರು. ಕುಟುಂಬ ಯಾವುದು, ಕಾರಣ ಕೊಡಿ.

ಲಕ್ಕಿ ನನಗೆ ಹೊಸ ಗಿಡವೇ? ನಮ್ಮನೆ ಬೇಲಿಯಲ್ಲೇ ಇತ್ತು. ಸೊಳ್ಳೆ ಜಾಸ್ತಿಯಾದರೆ ಕೊಟ್ಟಿಗೆಯಲ್ಲಿ ಅದರ ಸೊಪ್ಪಿನ ಹೊಗೆ, ಬಾಣಂತಿಯ ನೀರಿಗೆ ಅದರದೇ ಸೊಪ್ಪು. ಕಾಂಡ ಮುಟ್ಟಿ ನೋಡಿದೆ, ಚೌಕ. ಎಲೆ ಎದುರುಬದುರು. ಉಜ್ಜಿದರೆ ಘಾಟು. ಸಣ್ಣ ನೀಲಿ ಹೂವಿಗೆ ಎರಡು ತುಟಿ. ತುಳಸಿ, ದೊಡ್ಡಪತ್ರೆ, ತುಂಬೆ ಎಲ್ಲವೂ ಹೀಗೇ ಅಲ್ವಾ? ಧೈರ್ಯವಾಗಿ ತುಳಸಿಯ ಕುಟುಂಬ, 'ಲೇಬಿಯೇಟೀ' ಎಂದು ಬರೆದೆ.

ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಹಾಳೆ ತಿರುವಿ, ಕೆಂಪು ಪೆನ್ನಿನಲ್ಲಿ ಅದರ ಮೇಲೆ ಗೆರೆ ಎಳೆದರು. "ಸ್ಟೈಲ್ ಎಲ್ಲಿಂದ ಬಂದಿದೆ ನೋಡಿದೆಯೇನಮ್ಮಾ?" ಎಂದರು. ಸ್ಟೈಲ್ ಅಂದರೆ ಹೂವಿನ ಅಂಡಾಶಯದಿಂದ ಏಳುವ ಸಣ್ಣ ಕಡ್ಡಿ. ನಾನು ನೋಡಿರಲಿಲ್ಲ. "ವರ್ಬಿನೇಸೀ" ಎಂದು ತಾವೇ ಹೇಳಿ ಮುಂದಿನ ಮೇಜಿಗೆ ಹೋದರು.

ಅವರು ಹೇಳಿದ್ದು ಅವತ್ತಿನ ಪುಸ್ತಕದ ಪ್ರಕಾರ ನೂರಕ್ಕೆ ನೂರು ಸರಿ. ತುಳಸಿ ಹೂವಿನ ದಳ ಕಿತ್ತು ಲೆನ್ಸ್ ಹಿಡಿದರೆ, ತಳದಲ್ಲಿ ನಾಲ್ಕು ಪುಟ್ಟ ಉಂಡೆಗಳು ಕಾಣುತ್ತವೆ. ಆ ನಾಲ್ಕರ ನಡುವಿನ ಗುಂಡಿಯಿಂದ ಸ್ಟೈಲ್ ಎದ್ದಿರುತ್ತದೆ. ಲಕ್ಕಿಯಲ್ಲಿ ಅಂಡಾಶಯ ಒಂದೇ ಗುಂಡು, ಸ್ಟೈಲ್ ಅದರ ನೆತ್ತಿಯ ಮೇಲೆ. ಕಾಯಿಯೂ ಒಂದೇ, ಮಾಗಿದರೆ ಕಪ್ಪು. ಹಾಗಾಗಿ ಲಕ್ಕಿ, ಸಾಗವಾನಿ, ಶಿವನೆ ಎಲ್ಲ ಲಂಟಾನದ ಜೊತೆ ವರ್ಬಿನೇಸೀ. ತುಳಸಿ ಬೇರೆ ಮನೆ.

ಈ ಚೌತಿಗೆ ಅಣ್ಣನ ಮಗಳು ಬಂದಿದ್ದಳು. ಅವಳೂ ಈಗ ಬಿಎಸ್ಸಿ. ಮನೆ ಸುತ್ತಲಿನ ಗಿಡಗಳ ಪಟ್ಟಿ ಮಾಡಿ ಕುಟುಂಬ ಬರೆಯಬೇಕಂತೆ. ಅಟ್ಟದಿಂದ ನನ್ನ ಹಳೆಯ ಹರ್ಬೇರಿಯಂ, ಅಂದರೆ ಗಿಡ ಒಣಗಿಸಿ ಅಂಟಿಸಿದ ಹಾಳೆಗಳ ಕಟ್ಟು ಇಳಿಸಿಕೊಟ್ಟೆ. ಮೂವತ್ತು ಶೀಟು, ನುಸಿಗುಳಿಗೆ ವಾಸನೆ ಇನ್ನೂ ಹೋಗಿಲ್ಲ. ನೋಡಿ ಬರೆದುಕೊಳ್ಳಲಿ, ಕೆಲಸ ಹಗುರ ಆಗಲಿ ಅಂತ. ಅವಳು ನಾಲ್ಕನೇ ಶೀಟಿಗೇ ನಿಂತಳು.

"ಅತ್ತೆ, ಇದು ತಪ್ಪು. ಲಕ್ಕಿ ಈಗ ತುಳಸಿ ಫ್ಯಾಮಿಲಿ. ಲ್ಯಾಮಿಯೇಸೀ."

ಲ್ಯಾಮಿಯೇಸೀ ಅಂದರೆ ಹಳೇ ಲೇಬಿಯೇಟೀಯೇ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಶೀಟಿನ ಮೇಲೆ ಪರೀಕ್ಷೆ ಆದಮೇಲೆ 'ಲೇಬಿಯೇಟೀ' ಹೊಡೆದು 'ವರ್ಬಿನೇಸೀ' ಎಂದು ತಿದ್ದಿದವಳು ನಾನೇ.

ಸಿಟ್ಟು ಇಳಿದ ಮೇಲೆ ಓದಲು ಕೂತೆ. ನಾವು ಓದಿದ ಬೆಂಥಮ್ ಮತ್ತು ಹೂಕರ್ ಪದ್ಧತಿ 1862ರಿಂದ 1883ರವರೆಗೆ ಲ್ಯಾಟಿನ್‌ನಲ್ಲಿ ಮೂರು ಸಂಪುಟವಾಗಿ ಬಂದದ್ದು. ಇಬ್ಬರೂ ಲಂಡನ್ ಪಕ್ಕದ ಕ್ಯೂ ತೋಟದಲ್ಲಿ ಕೂತು, ಒಣಗಿದ ಗಿಡಗಳನ್ನು ಒಂದೊಂದಾಗಿ ನೋಡಿ 202 ಕುಟುಂಬ ಮಾಡಿದರು. ಬೆಂಥಮ್ ಓದಿದ್ದು ಕಾನೂನು. ಆದರೆ ತುಳಸಿ ಕುಟುಂಬದ ಬಗ್ಗೆ ಅವರಷ್ಟು ತಿಳಿದವರು ಆಗ ಇರಲಿಲ್ಲ ಎಂದರೂ ತಪ್ಪಿಲ್ಲ. ಅದೊಂದೇ ಕುಟುಂಬದ ಮೇಲೆ 1832ರಿಂದ 1836ರವರೆಗೆ ದೊಡ್ಡ ಗ್ರಂಥ ಬರೆದಿದ್ದರು. ನನ್ನ ಎಕ್ಸಾಮಿನರ್ ನಂಬಿದ್ದು ಇಂಥವರನ್ನು. ತಪ್ಪು ಹೇಗೆ ಹೇಳಲಿ?

ಆದರೆ 1934ರಲ್ಲೇ ಸ್ವೀಡನ್ನಿನ ಯುನೆಲ್ ಎಂಬವರು ಈ ಗಿಡಗಳ ಅಂಡಾಶಯ ಕುಯ್ದು ಕುಯ್ದು ನೋಡಿ, ಸ್ಟೈಲ್ ನೆತ್ತಿಯಿಂದ ಬಂದರೇನು ತಳದಿಂದ ಬಂದರೇನು, ಒಳಗೆ ಮುಂದೆ ಬೀಜವಾಗುವ ಅಂಡಕಗಳು ಅಂಟಿಕೊಂಡ ಜಾಗ ನೋಡಿ ಅಂದಿದ್ದರು. ಹಾಗೆ ನೋಡಿದರೆ ಲಕ್ಕಿ, ಸಾಗವಾನಿ ಎರಡೂ ತುಳಸಿ ಕಡೆಗೇ ವಾಲುತ್ತವೆ. 1992ರಲ್ಲಿ ಕ್ಯಾಂಟಿನೊ ಮತ್ತು ಜೊತೆಗಾರರು ಇವನ್ನೆಲ್ಲ ಲೇಬಿಯೇಟೀಯಲ್ಲಿ ಸೇರಿಸಿ ಪಟ್ಟಿಯನ್ನೇ ಪ್ರಕಟಿಸಿದರು. 1992! ನನ್ನ ಪರೀಕ್ಷೆಗೆ ಒಂದು ವರ್ಷ ಮೊದಲು. ಅದು ನಮ್ಮೂರ ಲ್ಯಾಬಿನ ಸ್ಟೀಲ್ ಲೋಟದವರೆಗೆ ಬರಲಿಲ್ಲ, ಅಷ್ಟೇ.

ಇನ್ನೊಂದು ತಮಾಷೆ. ಅದೇ 1993ರಲ್ಲಿ 42 ಜನ ಸೇರಿ ಒಂದು ಪ್ರಬಂಧ ಬರೆದರು. ಎಲೆಯ ಹಸಿರು ಕಣದಲ್ಲಿ ಆರ್‌ಬಿಸಿಎಲ್ ಅಂತ ಒಂದು ಜೀನ್ ಇದೆ. 499 ಜಾತಿ ಗಿಡಗಳಲ್ಲಿ ಅದನ್ನು ಓದಿ, ಯಾರು ಯಾರಿಗೆ ಹತ್ತಿರ ಎಂದು ಲೆಕ್ಕ ಹಾಕಿದ್ದರು. ಆಮೇಲೆ 1998ರಲ್ಲಿ ಎಪಿಜಿ ಎಂಬ ಸಸ್ಯವಿಜ್ಞಾನಿಗಳ ಗುಂಪಿನ ಹೆಸರಿನಲ್ಲಿ ಹೊಸ ಪಟ್ಟಿ ಬಂತು, 462 ಕುಟುಂಬ. 2003, 2009, 2016ರಲ್ಲಿ ಮತ್ತೆ ತಿದ್ದಿದರು. ಕೊನೆಯದರಲ್ಲಿ 416.

ಈ ಹೊಸ ಪದ್ಧತಿ ನನಗೆ ತಲೆಗೆ ಹೋಗಿದ್ದು ನಮ್ಮ ಸೊಸೈಟಿ ಆಫೀಸಿನ ದೆಸೆಯಿಂದ. ನಾನು ಅಲ್ಲಿ ಕ್ಲರ್ಕ್. ಜನ ರೇಷನ್ ಕಾರ್ಡ್ ತರುತ್ತಾರೆ, ಪೌತಿ ಖಾತೆಗೆ ಮಾಡಿಸಿದ ವಂಶವೃಕ್ಷ ತರುತ್ತಾರೆ. ಎರಡರಲ್ಲೂ 'ಕುಟುಂಬ' ಅಂತಲೇ ಇರುತ್ತದೆ. ಆದರೆ ಎರಡೂ ಒಂದೇ ಅಲ್ಲ. ರೇಷನ್ ಕಾರ್ಡ್‌ನಲ್ಲಿ ಒಂದು ಒಲೆಯಲ್ಲಿ ಉಣ್ಣುವವರು. ಬೆಂಗಳೂರು ಸೇರಿದ ಮಗ ಇಲ್ಲ, ಮನೆಯಲ್ಲೇ ಉಳಿದ ಅಳಿಯ ಇದ್ದಾನೆ. ವಂಶವೃಕ್ಷ ಹಾಗಲ್ಲ. ಮೇಲೆ ಒಬ್ಬ ಹಿರಿಯರನ್ನು ಬರೆದರೆ ಅವರ ಮಕ್ಕಳೆಲ್ಲ ಕೆಳಗೆ ಬರಲೇಬೇಕು. ಮದುವೆಯಾಗಿ ಹೋದ ಮಗಳು ನೋಡಲು ಈಗ ಗಂಡನ ಮನೆಯವರ ಹಾಗೇ ಆಗಿದ್ದರೂ ಬರಬೇಕು. ಬಿಟ್ಟರೆ ಕೇಸು.

ಬೆಂಥಮ್ ಮತ್ತು ಹೂಕರ್ ಮಾಡಿದ್ದು ಒಳ್ಳೆಯ ರೇಷನ್ ಕಾರ್ಡ್. ಎಪಿಜಿಯವರು ಕೇಳುವುದು ವಂಶವೃಕ್ಷ.

ಎಕ್ಕದ ಕಥೆ ಹೀಗೇ. ಚೌತಿ ಆದ್ದರಿಂದ ಗಣಪತಿಗೆ ತಂದ ಎಕ್ಕದ ಹೂ ಮನೆಯಲ್ಲೇ ಇತ್ತು. ಒಂದನ್ನು ಹುಡುಗಿಗೆ ಕೊಟ್ಟು, "ಸೂಜಿ ತಗೊಂಡು ಬಾ" ಅಂದೆ. ಎಕ್ಕದ ಹೂವಿನ ನಡುವೆ ಐದು ಮೂಲೆಯ ಒಂದು ಕಿರೀಟ ಇರುತ್ತದೆ. ಅದರ ಮೂಲೆಯಲ್ಲಿ ಕಣ್ಣಿಗೆ ಕಂಡೂ ಕಾಣದ ಹಾಗೆ ಒಂದು ಕಂದು ಚುಕ್ಕೆ. ಸೂಜಿ ಮೊನೆಯನ್ನು ಅಲ್ಲಿ ಸಿಕ್ಕಿಸಿ ಮೇಲಕ್ಕೆ ಎತ್ತಿದರೆ ಆ ಚುಕ್ಕೆ ಕಿತ್ತುಬರುತ್ತದೆ. ಅದರ ಎರಡೂ ಕಡೆ ಒಂದೊಂದು ಹಳದಿ ಚೀಲ ಜೋತಾಡುತ್ತದೆ, ಗುಲಗಂಜಿ ತೂಗುವ ತಕ್ಕಡಿ ಹಾಗೆ. ಅದೇ ಪರಾಗ. ಪುಡಿ ಅಲ್ಲ, ಗಂಟು ಕಟ್ಟಿದ ಪರಾಗ. ಮರ ಕೊರೆಯುವ ಕಪ್ಪು ದುಂಬಿಯ ಕಾಲಿಗೆ ಇದು ಕ್ಲಿಪ್ಪಿನ ಹಾಗೆ ಕಚ್ಚಿಕೊಂಡು ಬೇರೆ ಹೂವಿಗೆ ಹೋಗುತ್ತದೆ. ಹುಡುಗಿ ಮೂರು ಹೂ ಹಾಳು ಮಾಡಿದಳು. ನಾಲ್ಕನೆಯದರಲ್ಲಿ ಸಿಕ್ಕಿತು. ಗಣಪತಿಗೆ ಸ್ವಲ್ಪ ಕಮ್ಮಿ ಆಯಿತು, ಇರಲಿ.

1789ರಲ್ಲಿ ಫ್ರಾನ್ಸಿನ ಜುಸ್ಯು ಎಕ್ಕವನ್ನೂ ಕಣಗಿಲೆಯನ್ನೂ ಒಂದೇ ಕುಟುಂಬದಲ್ಲಿ ಇಟ್ಟಿದ್ದರು. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಈ ತಕ್ಕಡಿಯನ್ನು ನೋಡಿದರು. ಇಷ್ಟು ವಿಚಿತ್ರ ಹೂವಿಗೆ ಬೇರೆ ಮನೆಯೇ ಬೇಕು ಎಂದು 1810ರಲ್ಲಿ ಎಕ್ಕದ ಬಳಗವನ್ನು ಬೇರೆ ಮಾಡಿದರು. ನಾವು ಓದಿದ್ದು ಹಾಗೆಯೇ, ಆಸ್ಕ್ಲಿಪಿಯಡೇಸೀ. ಸ್ಪೆಲಿಂಗ್ ತಪ್ಪಿದರೂ ಅಂಕ ಹೋಗುತ್ತಿತ್ತು. 2000ದಲ್ಲಿ ಎಂಡ್ರೆಸ್ ಮತ್ತು ಬ್ರುಯ್ನ್ಸ್ ಎಂಬಿಬ್ಬರು ಅದನ್ನು ಮತ್ತೆ ಕಣಗಿಲೆ ಮನೆಗೆ ಸೇರಿಸಿದರು. ಬೇರೆಯಾಗಿ 190 ವರ್ಷಕ್ಕೆ ವಾಪಸ್.

ಬ್ರೌನ್ ನೋಡಿದ್ದು ತಪ್ಪಲ್ಲ. ಆ ತಕ್ಕಡಿ ನಿಜಕ್ಕೂ ವಿಚಿತ್ರವೇ. ಆದರೆ ವಂಶವೃಕ್ಷ ಬರೆದಾಗ ಎಕ್ಕದ ಬಳಗ ಕಣಗಿಲೆ ಬಳಗದ ಪಕ್ಕದಲ್ಲಿ ಬರಲಿಲ್ಲ, ಅದರ ಒಳಗೇ ಒಂದು ಕೊಂಬೆಯಾಗಿ ಬಂತು. ಬೇರೆ ಇಟ್ಟರೆ ಮಗಳನ್ನು ಬಿಟ್ಟು ಖಾತೆ ಮಾಡಿದ ಹಾಗೆ. ನನಗೆ ಇದರಲ್ಲಿ ಬಹಳ ಹಿಡಿಸಿದ ಮಾತು ಇನ್ನೊಂದು. ಕಣಗಿಲೆಗೆ ದೇವಕಣಗಿಲೆಗಿಂತ ಎಕ್ಕವೇ ಹತ್ತಿರದ ನೆಂಟ! ಹೆಸರು ಹಂಚಿಕೊಂಡವರು ದೂರ, ಹೊಲದ ಬದುವಿನಲ್ಲಿ ನಿಂತವನು ಹತ್ತಿರ.

ಹಾಲು ಬರುವ ಗಿಡಗಳೆಲ್ಲ ಒಂದೇ ಅಂತ ನಮ್ಮ ಕಡೆ ಹಿರಿಯರು ಮೊದಲೇ ಹೇಳುತ್ತಿದ್ದರಲ್ಲ ಎಂದು ಯಾರಾದರೂ ಹೇಳಬಹುದು. ಹಾಗಾದರೆ ಕಳ್ಳಿ, ಹಲಸು, ಅತ್ತಿ ಎಲ್ಲವೂ ಸೇರಬೇಕಾಗುತ್ತದೆ. ಹಾಲು ನೋಡಿ ನೆಂಟಸ್ತನ ಹೇಳುವುದೂ ಚೌಕ ಕಾಂಡ ನೋಡಿ ಹೇಳಿದಷ್ಟೇ ಅಪಾಯ.

ಉಳಿದದ್ದು ಬೇಗ ಹೇಳುತ್ತೇನೆ. ಬೂರುಗ, ಕೋಕೋ, ಸೆಣಬು ಎಲ್ಲ ಈಗ ದಾಸವಾಳದ ಮನೆಗೆ. ದಾಳಿಂಬೆ ಮದರಂಗಿಯ ಮನೆಗೆ. ಲಿಲ್ಲಿ ಹೂವಿನ ಕುಟುಂಬ ಲಿಲಿಯೇಸೀ ಒಡೆದು ಚೂರು. ಅದರಲ್ಲಿದ್ದ ಈರುಳ್ಳಿ ಅಮರಿಲ್ಲಿಡೇಸೀಗೆ ಹೋಯಿತು. ಅಮರಿಲ್ಲಿಡೇಸೀಯಲ್ಲಿದ್ದ ಸುಗಂಧರಾಜ ಅಲ್ಲಿಂದ ಎದ್ದು ಶತಾವರಿ, ಕತ್ತಾಳೆಗಳ ಜೊತೆ ಕೂತಿತು. ಕಡಲಂಚಿನ ಕಾಂಡ್ಲಾ ಕಾಡಿನ ಅವಿಸೆನ್ನಿಯಾ ನಮ್ಮ ಕಾಲದಲ್ಲಿ ಲಕ್ಕಿಯ ಜೊತೆಗಿತ್ತು, ಈಗ ಕನಕಾಂಬರದ ಕುಟುಂಬ. ಕನಕಾಂಬರ ಮುಡಿದವರು ಇನ್ನುಮೇಲೆ ಉಪ್ಪುನೀರಿನ ನೆಂಟರನ್ನೂ ನೆನೆಯಬೇಕು.

ಪಪ್ಪಾಯಿ ವಿಷಯಕ್ಕೆ ಮಾತ್ರ ನಾನು ನಂಬಲಿಲ್ಲ. ಪಪ್ಪಾಯಿ ಮತ್ತು ನುಗ್ಗೆ, ಸಾಸಿವೆಯ ಬಳಗವಂತೆ. ಒಂದೇ ಕುಟುಂಬ ಅಲ್ಲ, ಅದರ ಮೇಲಿನ ಗುಂಪು, ಬ್ರಾಸಿಕೇಲ್ಸ್. ಅದರಲ್ಲೂ ಪಪ್ಪಾಯಿಗೂ ನುಗ್ಗೆಗೂ ಅಕ್ಕತಂಗಿ ಸಂಬಂಧ. ಬೆಂಥಮ್ ಮತ್ತು ಹೂಕರ್ ಪಪ್ಪಾಯಿಯನ್ನು ಪ್ಯಾಶನ್ ಫ್ರೂಟ್ ಜೊತೆ ಹಾಕಿದ್ದರು. ನುಗ್ಗೆಗೆ ಜಾಗ ಹೊಂದದೆ ಸುಮ್ನೆ ಬದಿಗೆ ಇಟ್ಟಿದ್ದರು.

"ಪಪ್ಪಾಯಿ ಬೀಜ ಅಗಿದು ನೋಡಿ ಅತ್ತೆ" ಅಂದಳು.

ಇಷ್ಟು ವರ್ಷ ಪಪ್ಪಾಯಿ ಹೆಚ್ಚಿದ್ದೇನೆ, ಬೀಜ ಬಾಯಿಗೆ ಹಾಕಿದವಳಲ್ಲ. ಲೋಳೆ ತೊಳೆದು ಒಂದು ಬೀಜ ಅಗಿದೆ. ಮೊದಲ ಕ್ಷಣ ಏನೂ ಇಲ್ಲ. ಆಮೇಲೆ ಮೂಗಿಗೆ ಹತ್ತಿತು ನೋಡಿ! ಸೌತೆಕಾಯಿ ಸಾಸ್ಮೆಗೆ ಸಾಸಿವೆ ಅರೆದಾಗ ಬರುತ್ತದಲ್ಲ, ಥೇಟ್ ಅದೇ ಘಾಟು. ಸಾಸಿವೆ ಕಾಳನ್ನು ಇಡಿಯಾಗಿ ಮೂಸಿದರೆ ಏನೂ ಇರುವುದಿಲ್ಲ. ಅರೆದು ನೀರು ತಾಗಿದರೆ ಮಾತ್ರ ಘಾಟು. ಒಳಗೆ ಬೇರೆ ಬೇರೆ ಇಟ್ಟಿದ್ದ ಎರಡು ವಸ್ತು ಜಜ್ಜಿದಾಗ ಕೂಡುತ್ತವೆ, ಆಗ ಘಾಟು ಹುಟ್ಟುತ್ತದೆ. ಪಪ್ಪಾಯಿ ಬೀಜದಲ್ಲೂ ಅದೇ ಏರ್ಪಾಡು, ನುಗ್ಗೆಯಲ್ಲೂ ಅದೇ. ಈ ಘಾಟನ್ನೇ ಹಿಡಿದು ಡೆನ್ಮಾರ್ಕಿನಲ್ಲಿ ಕೆಲಸ ಮಾಡುತ್ತಿದ್ದ ಡಾಲ್‌ಗ್ರೆನ್ 1975ರಲ್ಲೇ ಇಂಥ ಕುಟುಂಬಗಳನ್ನು ಒಟ್ಟು ಮಾಡಿದ್ದರು. ಅವರದು ಅತಿಯಾಯಿತು ಅಂದುಕೊಂಡವರೂ ಇದ್ದರು. ಆಮೇಲೆ ಜೀನ್ ಓದಿದಾಗ ಬಹುಪಾಲು ಅವರದೇ ಸರಿಯಾಯಿತು.

ಸಂಜೆ ಹಳೆಯ ಲೆನ್ಸ್ ಹಿಡಿದು ಇಬ್ಬರೂ ಬೇಲಿ ಹತ್ತಿರ ಹೋದೆವು. ಅಲ್ಲಿ ಲಕ್ಕಿಯೂ ಇದೆ, ಲಂಟಾನವೂ ಇದೆ. ಲಂಟಾನ ಇವತ್ತಿಗೂ ವರ್ಬಿನೇಸೀಯೇ. ನನಗೆ ಗೆದ್ದ ಖುಷಿ. ಅಷ್ಟರಲ್ಲಿ ಹುಡುಗಿ ಲಂಟಾನದ ಕಡ್ಡಿ ಕೈಗೆ ಕೊಟ್ಟಳು. ಕಾಂಡ ಚೌಕ. ಎಲೆ ಎದುರುಬದುರು. ಉಜ್ಜಿದರೆ ಘಾಟು. ಪರೀಕ್ಷೆಯಲ್ಲಿ ನಾನು ಕೊಟ್ಟ ಕಾರಣಗಳಲ್ಲಿ ಮೂರು ಇಲ್ಲೂ ಇವೆ.

"ಮತ್ತೆ ಹೇಗೆ ಬೇರೆ ಮಾಡೋದು?" ಅಂದೆ.

ಹೂ ಅರಳುವ ಸಾಲು ನೋಡಬೇಕಂತೆ. ಲಂಟಾನದ ಗೊಂಚಲಲ್ಲಿ ಅಂಚಿನ ಹೂಗಳು ಮೊದಲು ಅರಳಿ ಬಣ್ಣ ತಿರುಗಿದ್ದವು, ನಡುವೆ ಇನ್ನೂ ಮೊಗ್ಗು. ಹೊರಗಿನಿಂದ ಒಳಕ್ಕೆ ಒಂದೇ ದಿಕ್ಕು. ಲಕ್ಕಿಯ ಉದ್ದ ತೆನೆಯಲ್ಲಿ ಹಾಗಿಲ್ಲ. ಅದರಲ್ಲಿ ಪುಟ್ಟ ಪುಟ್ಟ ಗುಂಪು. ಲೆನ್ಸ್ ಹಿಡಿದೆ. ಒಂದು ಗುಂಪಿನಲ್ಲಿ ಮೂರು. ನಡುವಿನದು ಅರಳಿ ನೀಲಿ ತುಟಿ ಚಾಚಿತ್ತು, ಎಡಬಲದವು ಇನ್ನೂ ಬೂದು ಮೊಗ್ಗು. ಪಕ್ಕದ ಗುಂಪಿನಲ್ಲೂ ಹಾಗೇ. ನಡುವಿನವಳು ಮೊದಲು. ಮೂವತ್ತಕ್ಕೂ ಹೆಚ್ಚು ವರ್ಷ ಇದರ ಸೊಪ್ಪು ಕಿತ್ತಿದ್ದೇನೆ, ಇದನ್ನು ನೋಡಿರಲಿಲ್ಲ.

"ಈಗ ಹೇಳು, ನನ್ನ ಎರಡು ಅಂಕ?"

"ಉತ್ತರ ಸರಿ, ಕಾರಣ ತಪ್ಪು. ಒಂದು ಕೊಡ್ತೀನಿ ಅತ್ತೆ."

ಹರ್ಬೇರಿಯಂನಲ್ಲಿ ಹಳೆಯ ಹೆಸರು ಅಳಿಸುವ ಪದ್ಧತಿ ಇಲ್ಲ. ಹೊಸ ಚೀಟಿಯಲ್ಲಿ ಹೆಸರು, ತಾರೀಕು ಬರೆದು ಪಕ್ಕದಲ್ಲಿ ಅಂಟಿಸಬೇಕು. ರಾತ್ರಿ ಕೂತು ಮೂವತ್ತರಲ್ಲಿ ಹನ್ನೊಂದು ಶೀಟಿಗೆ ಚೀಟಿ ಅಂಟಿಸಿದೆವು. ಲಕ್ಕಿಯ ಶೀಟಿನಲ್ಲಿ ಈಗ ಮೂರು ಹೆಸರು: ಹೊಡೆದುಹಾಕಿದ ಲೇಬಿಯೇಟೀ, ಅದರ ಕೆಳಗೆ ವರ್ಬಿನೇಸೀ, ಪಕ್ಕದ ಚೀಟಿಯಲ್ಲಿ ಅವಳ ಅಕ್ಷರದಲ್ಲಿ ಲ್ಯಾಮಿಯೇಸೀ. ಲಿನೇಯಸ್ 1753ರಲ್ಲಿ ಕೊಟ್ಟ ವೈಟೆಕ್ಸ್ ನೆಗುಂಡೊ ಎಂಬ ಹೆಸರು ಮಾತ್ರ ಮೇಲೆ ಹಾಗೇ ಇದೆ. ಲಂಟಾನದ ಶೀಟಿಗೆ ಏನೂ ಅಂಟಿಸಲಿಲ್ಲ. ಜಾಗ ಬಿಟ್ಟಿದ್ದೇವೆ.